ಮಾರ್ಗಿತ್ ನೆಟ್ಟ ಕೊಂಬೆ

ಹಿಮಸೀಮೆ ತೆಲೆಮಾರ್ಕಿನ ನಮ್ಮ ಕಣಿವೆಯಲ್ಲಿ, ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಹಲಗೆ ಮಾಡುತ್ತಿದ್ದ ಬಡಗಿಯ ಮಗಳು ಮಾರ್ಗಿತ್. ಏಳನೆಯ ವಯಸ್ಸಿಗೆ ಸ್ಕೀ ಕಟ್ಟಿಕೊಂಡು ಕೊಟ್ಟಿಗೆಯ ಸೂರಿನಿಂದ ಹಾರಿದಳು. ಅವ್ವನ ಕೈಲಿ ಏಟು ತಿಂದು ಮರುದಿನ ಮತ್ತೆ ಹಾರಿದಳು. ನಲವತ್ತು ತುಂಬಿದರೂ ಅವಳು ಬದಲಾಗಲಿಲ್ಲ.

ಪ್ರತಿ ಫೆಬ್ರವರಿ ಗುಡ್ಡದಲ್ಲಿ ನಡೆಯುವ, ಸ್ಕೀ ಕಟ್ಟಿ ದೂರ ಹಾರುವ ಪಂದ್ಯದಲ್ಲಿ ಹೆಂಗಸರಿಗೆ ಒಂದೇ ಕೆಲಸ. ಗಂಡಸರಿಗಿಂತ ಮೊದಲು ಒಮ್ಮೆ ಹಾರಿ, ಇಳಿಜಾರಿನ ಹಿಮ ಗಟ್ಟಿಯಾಗಿದೆಯೇ ಎಂದು ನೋಡುವುದು. ಕಾಲು ಮುರಿದರೆ ಅವರದೇ ಮುರಿಯಲಿ ಎಂದು! ಆ ಹಾರಾಟಕ್ಕೆ ಅಳತೆಯಿಲ್ಲ. ಮಾರ್ಗಿತ್ ಹಾರುವ ಹೊತ್ತಿಗೆ ಅಳತೆಗಾರ ಹಾಲ್ವೋರ್ ಬೆನ್ನು ತಿರುಗಿಸಿ ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಅವಳಿಗೆ ಬಹುಮಾನ ಬೇಕಿರಲಿಲ್ಲ. ತಾನು ಎಷ್ಟು ದೂರ ಹಾರಿದೆನೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು.

ಪಂದ್ಯದಲ್ಲಿ ಹಾರುವವರು ತಾವು ಆಸರೆಗೆ ಕೋಲೂರುವುದಿಲ್ಲವೆಂದು ತೋರಿಸಲು ಕೈಯಲ್ಲಿ ಸ್ಪ್ರೂಸ್ ಮರದ ಕೊಂಬೆ ಹಿಡಿಯುತ್ತಾರೆ. ಇಳಿದ ಜಾಗದಲ್ಲಿ ಅದನ್ನೇ ನೆಡುತ್ತಾರೆ. ಕೀಳುವ ಹಕ್ಕು ಅದನ್ನು ದಾಟಿ ಹಾರಿದವನಿಗೆ ಮಾತ್ರ.

1897ರಲ್ಲಿ ಮಾರ್ಗಿತ್ ಕೂಡ ಕೊಂಬೆ ಹಿಡಿದು ಬಂದಳು. ಲಂಗವನ್ನು ಮೊಣಕಾಲಿಗೆ ಬಿಗಿದು ಹಾರಿದಳು. ಬೀಳದೆ ಇಳಿದವಳು ವಾಪಸು ಹತ್ತಿ ಬಂದು, ತನ್ನ ಸ್ಕೀ ನೆಲ ಮುಟ್ಟಿದ ಕಡೆ ಕೊಂಬೆ ನೆಟ್ಟಳು. ಪಂದ್ಯದ ಹಿರಿಯ, ಅಂಗಡಿಯ ತೊರ್ಗ್ರಿಮ್, ಕೆಂಡಾಮಂಡಲವಾಗಿ ಅದನ್ನು ಕಿತ್ತೆಸೆಯುವಂತೆ ಹಾಲ್ವೋರನಿಗೆ ಹೇಳಿದ.

"ನಾನೇನ್ ಹಾರಿದ್ನಾ ಯಜಮಾನ್ರೇ?" ಎಂದ ಹಾಲ್ವೋರ್. "ದಾಟಿದೋನು ಕೀಳ್ತಾನೆ ಬಿಡಿ."

ಹದಿನೇಳು ಗಂಡಸರು ಹಾರಿದರು. ಒಬ್ಬರ ಕೊಂಬೆಯನ್ನೊಬ್ಬರು ಕಿತ್ತರು. ಅವಳದರ ಹತ್ತಿರಕ್ಕೂ ಯಾರೂ ಬರಲಿಲ್ಲ. ಆದರೂ ಬಹುಮಾನದ ಬೆಳ್ಳಿ ಚಮಚ ಸಿಕ್ಕಿದ್ದು ಆ ಹದಿನೇಳರಲ್ಲೊಬ್ಬನಿಗೆ. ನಿನಗೇನು ಸಿಕ್ಕಿತು ಎಂದು ಜನ ಮಾರ್ಗಿತ್‌ಳನ್ನು ಕೆಣಕಿದರು.

"ಚಮಚ ಅವ್ನೇ ಇಟ್ಕೊಳ್ಲಿ, ಗಂಜಿ ಕುಡಿಯೋಕಾಗುತ್ತೆ. ನನ್ ಕೊಂಬೆ ಮಾತ್ರ ಯಾರೂ ಮುಟ್ಬೇಡಿ."

ಹಿಮ ಕರಗುವವರೆಗೂ ಅದು ಅಲ್ಲೇ ನಿಂತಿತ್ತು. ಮರುವರ್ಷ ತೊರ್ಗ್ರಿಮ್ ಹೊಸ ನಿಯಮ ತಂದ: ಹಿಮ ನೋಡಲು ಹಾರುವವರು ಕೊಂಬೆ ತರಕೂಡದು. ಹೆದರಿದವರ ಬುದ್ಧಿಯೇ ಅಷ್ಟು. ಮಾರ್ಗಿತ್ ಬರಿಗೈಯಲ್ಲಿ ಬಂದು ಹಾರಿದಳು.

ಈ ಸಲ ಹಾಲ್ವೋರ್ ಬೆನ್ನು ತಿರುಗಿಸಲಿಲ್ಲ. ಪೈಪನ್ನು ಜೇಬಿಗಿಳಿಸಿ, ತಾನೇ ಒಂದು ಕೊಂಬೆ ಹಿಡಿದು ನಡೆದುಹೋದ. ಅವಳು ಇಳಿದ ಜಾಗದಲ್ಲಿ ನೆಟ್ಟ, ಹಗ್ಗ ಎಳೆದು ಅಳೆದ, ಆಮೇಲೆ ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದ:

"ಮಾರ್ಗಿತ್. ಇಪ್ಪತ್ತೆರಡೂವರೆ ಮೀಟರ್."

ಇದನ್ನು ಪಂದ್ಯದ ಪುಸ್ತಕದಲ್ಲಿ ಬರೆಯುವುದಿಲ್ಲ ಎಂದು ತೊರ್ಗ್ರಿಮ್ ಅಬ್ಬರಿಸಿದ. ಮಾರ್ಗಿತ್ ಲಂಗದ ಹಿಮ ಕೊಡವಿಕೊಂಡಳು.

"ಬರೀಬೇಡಿ," ಎಂದಳು. "ಎಲ್ರಿಗೂ ಕೇಳಿಸ್ತಲ್ಲ."