ಅಂಬುಕಾಕುವಿನ ಮರಾಠಿ

ಕಳೆದ ವಾರ ಪುಣೆಯ ವಿಮಾನ ನಗರದ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಯಾವುದೋ ಮನೆಯಿಂದ ಹೊಗೆ ಬರುತ್ತಿದೆ, ಬೆಂಕಿ ಬಿದ್ದಿದೆ ಎಂದು ಅವನ ಗಾಬರಿ. ಹೋಗಿ ನೋಡಿದರೆ ಕೆಳಗಿನ ಮನೆಯ ಹುಡುಗಿ ಬಾಣಂತಿ. ಅವಳ ಅಜ್ಜಿ ಊರಿನಿಂದ ಬಂದವರು, ಕೆಂಡದ ಮೇಲೆ ಓಮು ಉದುರಿಸಿ ಮೊಮ್ಮಗಳಿಗೂ ಕೂಸಿಗೂ ಹೊಗೆ ಹಾಕುತ್ತಿದ್ದರು. ಕಾವಲುಗಾರ ಪೆಚ್ಚಾಗಿ ಇಳಿದುಹೋದ. ನಾನು ಮಾತ್ರ ಮೆಟ್ಟಿಲ ಮೇಲೆ ಆ ವಾಸನೆ ಕುಡಿಯುತ್ತ ನಿಂತೇ ಇದ್ದೆ. ಆ ವಾಸನೆಯ ಪರಿಚಯ ನಿಮಗಿದ್ದರೆ ನಾನು ವರ್ಣಿಸಬೇಕಾಗಿಲ್ಲ. ಇಲ್ಲದಿದ್ದರೆ, ನೀವು ನಮ್ಮ ಅಂಬುಕಾಕುವನ್ನು ನೋಡಿಲ್ಲ ಎಂದು ಮಾತ್ರ ಹೇಳಬಲ್ಲೆ.

ಅಂಬುಕಾಕು ನನ್ನ ಅಪ್ಪನ ತಮ್ಮನ ಹೆಂಡತಿ. ಎಪ್ಪತ್ತರ ದಶಕದ ನಡುವಿನಲ್ಲಿ ಎರಡು ಜಡೆಯ ಹುಡುಗಿ ನಾನು ಕಲಬುರಗಿಯಿಂದ ಪುಣೆಗೆ ಕಾಲೇಜು ಓದಲು ಬಂದಾಗ ಉಳಿದುಕೊಂಡದ್ದು ಅವಳ ಮನೆಯಲ್ಲಿ. ಸದಾಶಿವ ಪೇಠೆಯ ಒಂದು ಹಳೆಯ ವಾಡೆಯ ಮಾಳಿಗೆಯಲ್ಲಿ ಎರಡು ಕೋಣೆ, ಮುಂದೆ ಎಲ್ಲ ಬಾಡಿಗೆದಾರರಿಗೂ ಸೇರಿದ ಉದ್ದನೆಯ ಕಟ್ಟಿಗೆಯ ಗ್ಯಾಲರಿ. ಕಾಕಾ ಕಾರ್ಖಾನೆಯಲ್ಲಿ ಫಿಟರ್. ಅವರಿಗೆ ಮಕ್ಕಳಿರಲಿಲ್ಲ. ಕಾಕು ಸೇಡಂ ಕಡೆಯ ಹಳ್ಳಿಯವಳು, ಮಹಾ ಮಾತುಗಾತಿ. ಅಡುಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿಯುತ್ತ ಹೇಳುವ ಒಂದೊಂದು ಕಥೆಗೂ ನಾನು ನಕ್ಕು ನೆಲಕ್ಕೆ ಬೀಳುತ್ತಿದ್ದೆ. ಆದರೆ ಹೊಸ್ತಿಲು ದಾಟಿದ ಕೂಡಲೇ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಪುಣೆಗೆ ಬಂದು ಹತ್ತು ಹನ್ನೆರಡು ವರ್ಷವಾಗಿದ್ದರೂ ಅವಳು ಮರಾಠಿಯಲ್ಲಿ ಒಂದು ಮಾತು ಆಡಿದ್ದು ವಾಡೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮರಾಠಿ ತಿಳಿಯುತ್ತಿರಲಿಲ್ಲವೇ? ಎಲ್ಲ ತಿಳಿಯುತ್ತಿತ್ತು. ಗ್ಯಾಲರಿಯ ಆ ತುದಿಯಲ್ಲಿ ನಡೆದ ಜಗಳವನ್ನು ಒಂದಕ್ಷರ ಬಿಡದೆ ರಾತ್ರಿ ಕಾಕಾನ ಮುಂದೆ ಕನ್ನಡದಲ್ಲಿ ಒಪ್ಪಿಸುತ್ತಿದ್ದಳು. ಆಡಲು ಮಾತ್ರ ಸುತರಾಂ ಒಲ್ಲಳು. "ನನ್ನ ನಾಲಿಗಿ ಹೊಳ್ಳಂಗಿಲ್ಲವಾ. ಎಲ್ಲಾರ ನಾಲಿಗಿ ಒಂದs ಥರಾ ಇರ್ತಾವೇನು? ನಂದು ಅಂಥಾದ್ದು," ಎನ್ನುತ್ತಿದ್ದಳು, ಹುಟ್ಟಿನಿಂದ ಬಂದ ಕುಂಟು ಕಾಲಿನ ವಿಷಯ ಹೇಳುವವಳ ಹಾಗೆ.

ಇದರ ಮೂಲ ನನಗೆ ತಿಳಿದದ್ದು ಕಾಕಾನಿಂದ. ಮದುವೆಯಾಗಿ ಬಂದ ಹೊಸದರಲ್ಲಿ ವಾಡೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕೂಗಿದಾಗ ಹೊಸ ಸೊಸೆ ಒಳಗಿನಿಂದ ಉತ್ಸಾಹದಲ್ಲಿ "ಆಲೋ, ಆಲೋ!" ಎಂದಳಂತೆ. ಕಾಕಾ ದಿನವೂ ಹಾಗೆ ಓಗೊಡುವುದನ್ನು ಕೇಳಿ ಕಲಿತದ್ದು. ಆದರೆ ಮರಾಠಿಯಲ್ಲಿ 'ಬಂದೆ' ಎನ್ನಲು ಗಂಡಸಾದರೆ 'ಆಲೋ', ಹೆಂಗಸಾದರೆ 'ಆಲೇ'. ಕೂತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಸೊಸೆ ಬರಲಿಲ್ಲ, ಅಳಿಯ ಬಂದ ಎಂದು ಒಬ್ಬಾಕೆ ಚಟಾಕಿ ಹಾರಿಸಿದಳು. ಅವರು ಅದನ್ನು ಆ ಸಂಜೆಯೇ ಮರೆತರು. ಕಾಕು ಮರೆಯಲಿಲ್ಲ.

ನಾನು ಬಂದದ್ದೇ ಅವಳಿಗೆ ದುಭಾಷಿ ಸಿಕ್ಕಂತಾಯಿತು. ಕಾಯಿಪಲ್ಲೆ ಕೊಳ್ಳಲು ನಾನು, ನಳದ ಸರದಿಗೆ ನಾನು. ಕಾಕು ನನ್ನ ಕಿವಿಯಲ್ಲಿ ಪಿಸುಗುಟ್ಟುವಳು, ನಾನು ಗಟ್ಟಿಯಾಗಿ ಮರಾಠಿಯಲ್ಲಿ ಸಾರುವೆ. ರಾಜರ ಕಡೆಯ ರಾಯಭಾರಿಯ ಗತ್ತು ನನಗೆ ಬಂದುಬಿಟ್ಟಿತ್ತು. ನನ್ನ ಮರಾಠಿಯೂ ಅಷ್ಟಕ್ಕಷ್ಟೇ ಎಂಬುದು ಬೇರೆ ಮಾತು.

ಪಕ್ಕದ ಮನೆಯಲ್ಲಿ ಮಾಲತಿ ವಹಿನಿ ಇದ್ದಳು. ವಹಿನಿ ಎಂದರೆ ಅತ್ತಿಗೆ. ವಾಡೆಯ ಚಿಕ್ಕವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಶಾಲೆಯಲ್ಲಿ ಮರಾಠಿ ಕಲಿಸುವ ಟೀಚರು. ಮಾತಿನಲ್ಲಿ ವ್ಯಾಕರಣ ಒಂದಿಷ್ಟು ಜಾರಿದರೂ ತಿದ್ದದೆ ಬಿಡುವವಳಲ್ಲ. ಕಾಕು ಮೂಕಿ ಎಂದೇ ಅವಳು ಮೊದಲು ನಂಬಿದ್ದಳಂತೆ. ಆಮೇಲೆ ಇಬ್ಬರ ನಡುವೆ ಬಟ್ಟಲುಗಳ ಸ್ನೇಹ ಬೆಳೆಯಿತು. ಇವಳ ಶೇಂಗಾ ಹಿಂಡಿ ಅಲ್ಲಿಗೆ, ಅವಳ ಸಾಬೂದಾಣಿ ಖಿಚಡಿ ಇಲ್ಲಿಗೆ. ನಡುವೆ ಒಂದು ನಗೆ, ಒಂದು ತಲೆಯಾಡಿಸುವಿಕೆ.

ಮಾಲತಿ ವಹಿನಿಗೆ ದಿನ ತುಂಬಿತ್ತು. ಗಂಡ ಕೆಲಸದ ಮೇಲೆ ಶಿರೂರಿಗೆ ಹೋಗಿದ್ದ. ಅತ್ತೆ ಯಾವುದೋ ಮುಂಜಿವೆಗೆ ಹೋಗಿದ್ದರು. ಬೇಸಿಗೆಯ ಮಧ್ಯಾಹ್ನ, ಇಡೀ ಪೇಠೆ ಕದವಿಕ್ಕಿಕೊಂಡು ಮಲಗುವ ಹೊತ್ತು. ನಾನು ಕಾಲೇಜಿನಲ್ಲಿದ್ದೆ. ಗೋಡೆಯಾಚೆ ಪಾತ್ರೆ ಬಿದ್ದ ಸದ್ದಾಯಿತೆಂದು ಕಾಕು ಹೋಗಿ ನೋಡಿದರೆ ವಹಿನಿ ನೆಲದ ಮೇಲೆ ಕುಸಿದು ಕೂತಿದ್ದಾಳೆ, ಸೀರೆ ತೊಯ್ದಿದೆ.

ಮುಂದಿನದನ್ನು ನನಗೆ ಹೇಳಿದವಳು ಮಾಲತಿ ವಹಿನಿಯೇ. ಹೇಳಿದಾಗಲೆಲ್ಲ ಕಾಕುವಿನ ದನಿ ಅನುಕರಿಸಿ ಹೇಳುತ್ತಿದ್ದಳು.

ಕಾಕು ಅವಳನ್ನು ತೋಳಲ್ಲಿ ಹಿಡಿದು ಕೆಳಗಿಳಿಸಿದಳು. ಅಂಗಳದಲ್ಲಿ ಒಂದು ನರಪಿಳ್ಳೆ ಇಲ್ಲ. ಬೀದಿಯ ತಿರುವಿನಲ್ಲಿ ಒಂದೇ ರಿಕ್ಷಾ, ಒಳಗೆ ಚಾಲಕ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದ. ಕಾಕು ಅವನ ಮುಂದೆ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ವಹಿನಿ ನೋವಿನಿಂದ ಚೀರಿದಳು. ಆಗ ಕಾಕುವಿನ ಗಂಟಲಿನಿಂದ ಇಡೀ ಪೇಠೆ ಎಚ್ಚರಾಗುವಂಥ ಕೂಗು ಹೊರಟಿತು: "ಭಾವೂ! ಉಠಾ! ಪೋರಗೀ ಮರತೋ!"

ಅಣ್ಣಾ, ಏಳಿ, ಹುಡುಗಿ ಸಾಯುತ್ತಾನೆ! ಚಾಲಕ ದಡಬಡಿಸಿ ಎದ್ದು ಕಿಕ್ ಹೊಡೆದ. ವಹಿನಿ ಸೀಟಿನ ಮೇಲೆ ಒರಗಿ, ಹಲ್ಲು ಕಚ್ಚಿಕೊಂಡೇ ತಿದ್ದಿದಳಂತೆ: "ಕಾಕೂ, ಮರತೋ ನಾಹೀ... ಮರತೇ!" ಸಾಯುತ್ತಾನೆ ಅಲ್ಲ, ಸಾಯುತ್ತಾಳೆ. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ಬಂತು. ಕಾಕುಗೂ ಬಂತು. ಒಬ್ಬಳು ನೋವಿನಲ್ಲಿ, ಇನ್ನೊಬ್ಬಳು ಭಯದಲ್ಲಿ, ಕಣ್ಣೀರು ಸುರಿಸುತ್ತ ಇಬ್ಬರೂ ನಗುತ್ತಿದ್ದರೆ ರಿಕ್ಷಾದವನು ಕನ್ನಡಿಯಲ್ಲಿ ನೋಡಿ ಇನ್ನಷ್ಟು ಜೋರಾಗಿ ಓಡಿಸಿದನಂತೆ.

ಹತ್ತಿರದ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು ಬಾಗಿಲಲ್ಲೇ ತಡೆದಳು. ಡಾಕ್ಟರು ಊಟಕ್ಕೆ ಮನೆಗೆ ಹೋಗಿದ್ದಾರೆ, ಬೇರೆ ಕಡೆ ಕರೆದುಕೊಂಡು ಹೋಗಿ ಎಂದಳು. ಕಾಕು ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಮೀ ಜಾಣಾರ ನಾಹೀ. ಡಾಕ್ಟರ್ ಬೋಲವಾ!" ನಾನು ಹೋಗುವುದಿಲ್ಲ, ಡಾಕ್ಟರನ್ನು ಕರೆಸಿ. ಅದೃಷ್ಟಕ್ಕೆ ಆ ಮಾತಿನಲ್ಲಿ ಗಂಡು ಹೆಣ್ಣಿನ ತಂಟೆ ಇರಲಿಲ್ಲ. ನರ್ಸು ಸಿಡುಕಿನಿಂದ, ನೀವು ಯಾರು, ಈಕೆಗೆ ಏನಾಗಬೇಕು ಎಂದು ಕೇಳಿದಳು.

"ಮೀ ತಿಚಾ ಆಯೀ," ಎಂದಳು ಕಾಕು. ಅವಳ ತಾಯಿ ನಾನು ಎನ್ನಬೇಕಾದಲ್ಲಿ 'ತಿಚೀ' ಬದಲು 'ತಿಚಾ' ಬಿದ್ದು, ತಾಯಿ ಗಂಡಸಾಗಿದ್ದಳು. ನರ್ಸು ಒಂದು ಗಳಿಗೆ ಅವಳ ಮುಖ ನೋಡಿದಳು. ನಗಲಿಲ್ಲ. "ಯಾ, ಆಯೀ. ಆತ ಯಾ," ಎಂದು ಬಾಗಿಲು ಬಿಟ್ಟಳು. ಬನ್ನಿ, ಅಮ್ಮ, ಒಳಗೆ ಬನ್ನಿ. ಡಾಕ್ಟರಿಗೆ ಫೋನು ಹೋಯಿತು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಅವರೇ ಹೇಳಿದರಂತೆ. ಹೆಣ್ಣು ಮಗು.

ಸಂಜೆ ನಾನು ಹುಡುಕಿಕೊಂಡು ಹೋಗಿ, ವಹಿನಿಯನ್ನು ಮಾತಾಡಿಸಿ ಹೊರಬಂದಾಗ ಕಾಕು ಬೆಂಚಿನ ಮೇಲೆ ಕೂತಿದ್ದಳು. ಗಂಟಲು ಒಡೆದು ಹೋಗಿತ್ತು.

"ಎಷ್ಟ್ ತಪ್ಪ್ ಮಾತಾಡೀನಿ ಅಂದ್ರ ಕೇಳಬ್ಯಾಡ. ಒಬ್ರರೆ ನಗಬೇಕಲ್ಲ?" ಎಂದಳು ಬೆರಗಿನಿಂದ.

"ವಹಿನಿ ನಕ್ಕಳಂತಲ್ಲ, ಕಾಕು?"

"ಆಕಿ ನಕ್ಕಿದ್ದು ಬ್ಯಾರೆ, ತಗಿ." ಆಮೇಲೆ ತನಗೇ ಹೇಳಿಕೊಳ್ಳುವಂತೆ ಅಂದಳು, "ಇಷ್ಟ ವರ್ಷ ಸುಮ್ನ ಅಂಜಿದ್ನೇನು ನಾ?"

ಮಾರನೆಯ ದಿನದಿಂದ ಅವಳು ಅರಳು ಹುರಿದಂತೆ ಮರಾಠಿ ಮಾತಾಡಿದಳು ಎಂದು ನೀವು ತಿಳಿದರೆ ತಪ್ಪು. ಕಾಯಿಪಲ್ಲೆಯವಳ ಮುಂದೆ ಮತ್ತೆ ನನ್ನ ಕಿವಿಯ ಕಡೆ ಬಾಗಿದಳು. ಆಮೇಲೆ ಏನನ್ನಿಸಿತೋ, ನೆಟ್ಟಗೆ ನಿಂತು ತಾನೇ ಕೇಳಿದಳು. ಕಾಯಿಪಲ್ಲೆಯವಳು ನಕ್ಕಳು. ಕಾಕು ಮನೆಗೆ ಬಂದು ಮುಖ ಊದಿಸಿ ಕೂತಳು, ಮುಗಿಯಿತು ಎಂದುಕೊಂಡೆ. ಮರುದಿನ ಚೀಲ ಹಿಡಿದು, ನನ್ನನ್ನು ಕರೆಯದೆ ಹೊರಟಳು. ನನ್ನ ರಾಯಭಾರಿ ಹುದ್ದೆ ಅಲ್ಲಿಗೆ ಹೋಯಿತು. ಒಳಗೊಳಗೇ ನನಗೆ ಸ್ವಲ್ಪ ಬೇಜಾರೂ ಆಯಿತು.

ಬಾಣಂತನದ ಆ ತಿಂಗಳುಗಳಲ್ಲಿ ಓಮಿನ ಹೊಗೆಯ ನಡುವೆ ವಹಿನಿ ಪಾಠ ಮಾಡುವಳು, ಕಾಕು ವಾದಿಸುವಳು. ಕುರ್ಚಿ ಹೆಣ್ಣು, ದರವಾಜಾ ಗಂಡು, ಟೇಬಲು ಎರಡೂ ಅಲ್ಲ. "ಯಾರ್ ನೋಡ್ಯಾರ್ರಿ ಅದನ್ನ?" ಎಂದು ಕಾಕು ಕನ್ನಡದಲ್ಲೇ ಕೇಳುವಳು. ಎಷ್ಟು ತಿದ್ದಿದರೂ ಅವಳ ಮರಾಠಿ ಕೊನೆಯವರೆಗೂ ಗಂಡುಮಾತೇ ಆಗಿ ಉಳಿಯಿತು.

ಎಂಬತ್ತರ ದಶಕದಲ್ಲಿ ವಾಡೆ ಕೆಡವಿ ಫ್ಲ್ಯಾಟು ಕಟ್ಟಲು ಮಾಲಿಕರು ಬಿಲ್ಡರನ್ನು ಕರೆತಂದರು. ಬಾಡಿಗೆದಾರರು ಬೇರೆ ಕಡೆ ನೋಡಿಕೊಳ್ಳಲಿ ಎಂಬ ಮಾತು ಬಂತು. ಅಂಗಳದಲ್ಲಿ ಸಭೆ. ಆ ಹೊತ್ತಿಗೆ ನಾನು ನೌಕರಿ ಹಿಡಿದು ಬೇರೆ ಮನೆ ಮಾಡಿದ್ದೆ, ಆದರೂ ಹೋಗಿದ್ದೆ. ಶುದ್ಧ ಮರಾಠಿಯ ಗಂಡಸರೆಲ್ಲ ನೆಲ ನೋಡುತ್ತ ಕೂತಿದ್ದಾಗ ಎದ್ದು ನಿಂತವಳು ಕಾಕು. "ಮೀ ಇಥೇ ರಾಹತೋ," ಎಂದು ಶುರುಮಾಡಿದಳು. ನಾನು ಇಲ್ಲಿ ಇರುವವನು. ಬಿಲ್ಡರ್ ಕಿಸಕ್ಕನೆ ನಕ್ಕ. ಕಾಕು ತಣ್ಣಗೆ ಅವನ ಕಡೆ ತಿರುಗಿ, "ಹಸಾ, ಹಸಾ. ಪಣ ಐಕಾ," ಎಂದಳು. ನಗಿ, ನಗಿ, ಆದರೆ ಕೇಳಿ. ಅವನು ಕೇಳಿದ. ಹೊಸ ಕಟ್ಟಡದಲ್ಲಿ ಹಳಬರಿಗೆಲ್ಲ ಮನೆ ಸಿಗುವವರೆಗೆ ಅವಳು ಅವನಿಗೆ ಕೇಳಿಸುತ್ತಲೇ ಇದ್ದಳು.

ಕಾಕು ಹೋಗಿ ಬಹಳ ವರ್ಷಗಳಾದವು. ನಾನೀಗ ಅವಳ ಅಂದಿನ ವಯಸ್ಸನ್ನು ಎಂದೋ ದಾಟಿದ್ದೇನೆ.

ನಮ್ಮ ಕಟ್ಟಡದ ಕೆಳಗೆ ಒಂದು ಬೆಂಚಿದೆ. ಸಂಜೆ ಅಲ್ಲಿ ಒಡಿಶಾದ ಕಡೆಯ ಒಬ್ಬ ಅಜ್ಜಿ ಒಬ್ಬರೇ ಕೂತಿರುತ್ತಾರೆ. ಅವರಿಗೆ ತಮ್ಮ ಭಾಷೆಯೊಂದೇ, ನನಗೆ ಅದು ಬಾರದು, ನನ್ನ ಹಿಂದಿ ದೇವರಿಗೇ ಪ್ರೀತಿ. ಹೀಗಾಗಿ ಇಷ್ಟು ದಿನ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ನಿನ್ನೆ ಹೋಗಿ ಪಕ್ಕದಲ್ಲಿ ಕೂತೆ. ಹರಕು ಹಿಂದಿಯಲ್ಲಿ ಏನೋ ಕೇಳಿದೆ. ಹಿಂದಿ ಮುಗಿದ ಮೇಲೆ ಕನ್ನಡದಲ್ಲೇ ಮಾತಾಡಿದೆ. ಅವರು ಮೊದಲು ನನ್ನನ್ನೇ ನೋಡಿದರು, ಬೊಚ್ಚುಬಾಯಿ ತುಂಬ ನಕ್ಕರು, ಆಮೇಲೆ ತಮ್ಮ ಭಾಷೆಯಲ್ಲಿ ಶುರುಮಾಡಿದರು. ಮೊಣಕಾಲು ನೋಯುತ್ತದೆ ಎಂಬುದು ಕೈಸನ್ನೆಯಿಂದ ತಿಳಿಯಿತು. ಉಳಿದದ್ದು ಏನೋ, ಬಹಳ ದಿನದಿಂದ ಹೇಳಬೇಕಾಗಿದ್ದದ್ದು ಇರಬೇಕು. ದೀಪ ಹತ್ತಿದವು. ನಾನು ಏಳಲು ಹೋದಾಗ ಅವರು ನನ್ನ ಸೆರಗು ಜಗ್ಗಿ ಕೂರಿಸಿ, ಮಾತು ನಿಂತಲ್ಲಿಂದ ಮುಂದುವರಿಸಿದರು.