ನಾಲ್ಕು ಎಸಳು ಕಲಿಯಲು ಮೂಡುಬಿದಿರೆಗೆ

ಮಕ್ಕಳೇ, ವಿಟ್ಲದಲ್ಲಿ ಬೆಳಗಿನ ಬಸ್ಸು ಹತ್ತಿದೆ, ಒಬ್ಬಳೇ. ಮಡಿಲಲ್ಲಿ ಲೇಸಿನ ದಿಂಬು, ಚೀಲದಲ್ಲಿ ನೂಲು ಸುತ್ತಿದ ಮರದ ಬಾಬಿನ್‌ಗಳು. ದಿಂಬಿಗೆ ಗುಂಡುಸೂಜಿ ಚುಚ್ಚಿ, ಬಾಬಿನ್‌ಗಳನ್ನು ಅತ್ತಿತ್ತ ದಾಟಿಸಿ ಅಂಚು ಹೆಣೆಯಲು ನನಗೆ ಬರುತ್ತಿತ್ತು. ಅಂಚಿನ ನಡುವಿನ ಖಾಲಿ ಜಾಗಕ್ಕೆ ಹೂ ತುಂಬಲು ಬರುತ್ತಿರಲಿಲ್ಲ. ಅದನ್ನು ಕಲಿಸುವ ಸಿಸಿಲಿಯಾ ಬಾಯಿ ಇರುವುದು ಮೂಡುಬಿದಿರೆಯಲ್ಲಿ.

ಕಲಿಯುವ ಹಟ ಬಂದದ್ದು ಬೆಳ್ತಂಗಡಿಯ ಒಂದು ಮದುವೆಯಲ್ಲಿ. ಅಲ್ಲಿಗೆ ಮಲ್ಲಿಗೆ ಪೂರ್ತಿ ಕಟ್ಟಿದವಳು ನಾನು. ಹೂವಿನ ತಟ್ಟೆ ಎಲ್ಲ ಹೆಂಗಸರ ಮುಂದೆ ನಿಂತಿತು, ನನ್ನನ್ನು ಮಾತ್ರ ದಾಟಿ ಹೋಯಿತು. ನಿಮ್ಮ ಅಜ್ಜ ತೀರಿದ ಮೇಲೆ ಎಲ್ಲ ಕಡೆ ಹಾಗೆಯೇ. ನಾನು ನಾಚಿಕೆಯವಳು, ಮಲ್ಲಿಗೆಯ ಖಾಲಿ ಬುಟ್ಟಿ ಎತ್ತಿಕೊಂಡು ಹಿಂದೆ ಸರಿದೆ.

ಮೂಡುಬಿದಿರೆಗೆ ಹೊರಡುವಾಗ ನಿಮ್ಮ ಸುಮತಿಜ್ಜಿ, ಅಂದರೆ ನನ್ನ ನಾದಿನಿ, ಅಂಗಳದಲ್ಲೇ ತಡೆದಳು. "ಅತ್ತಿಗೆ, ಇನ್ನು ನಿಮಗೆಂಥ ಹೂ? ಲೇಸು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಉಂಟಲ್ಲ!"

"ಅದು ನಿನಗಿರಲಿ. ನಾನು ಹೋಗಿ ಬರ್ತೇನೆ."

ಕಲ್ಲಡ್ಕದವರೆಗೂ ಧೂಳು. ಬಿ.ಸಿ. ರೋಡಿನಲ್ಲಿ ಬನ್ಸು ತಿಂದು, ಚಹಾ ಕುಡಿದು, ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿದೆ. ಟಿಕೆಟು ಕೊಡುತ್ತಾ ಕಂಡಕ್ಟರ್ ನಕ್ಕ. "ಏನಮ್ಮಾ, ದಿಂಬು ಸಮೇತ? ಮಲಗುವ ಅಂದಾಜುಂಟಾ?"

"ಇಲ್ಲ ಮಾರಾಯ, ಇಷ್ಟು ದಿನ ಮಲಗಿದ್ದು ಸಾಕು," ಎಂದೆ. ನನ್ನ ಧ್ವನಿಗೆ ನಾನೇ ಬೆಚ್ಚಿದೆ.

ಸಿಸಿಲಿಯಾ ಬಾಯಿ ತಮ್ಮ ಮನೆಯ ಜಗಲಿಯಲ್ಲೇ ಪಾಠ ತೊಡಗಿದರು. ಎಸಳೊಂದಕ್ಕೆ ನಾಲ್ಕು ಎಳೆ. ಒಂದು ಎಳೆ ಉಳಿದ ಮೂರರ ಮೇಲೆ ಕೆಳಗೆ ಹೋಗಿ ಬರಬೇಕು. ನಾನು ಪ್ರತಿ ಸಲವೂ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವವಳಂತೆ ಬಿಗಿಯಾಗಿ ಜಗ್ಗಿದೆ. ಎಸಳು ಮುದುಡಿ ಕಡ್ಡಿಯಾಯಿತು.

"ದೇವಾ! ಕಟ್ಟುವುದಲ್ಲ ಇದು, ನೇಯುವುದು. ಅದಕ್ಕೂ ಉಸಿರು ಬೇಡವಾ? ಯಾರ ಮೇಲೆ ಇಷ್ಟು ಕೋಪ ನಿಮಗೆ?"

"ಒಂದು ತಟ್ಟೆಯ ಮೇಲೆ," ಎಂದು ಮದುವೆಯ ಕಥೆ ಹೇಳಿದೆ.

ಅವರು ನಗಲಿಲ್ಲ. "ಆ ಕೋಪ ಮನೆಗೆ ತಕ್ಕೊಂಡು ಹೋಗಿ, ಅಲ್ಲಿ ಬೇಕಾಗ್ತದೆ. ಕೈಗೆ ಮಾತ್ರ ಬೇಡ."

ಬಿಚ್ಚಿದೆ, ಹೆಣೆದೆ, ಮತ್ತೆ ಬಿಚ್ಚಿದೆ. ಮಧ್ಯಾಹ್ನ ಅವರ ಮನೆಯ ಕುಚ್ಚಲಕ್ಕಿ ಅನ್ನ, ಮೀನು ಸಾರು. ಉಂಡೆದ್ದ ಮೇಲೆ ಕೈ ಸಡಿಲವಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಪುಟ್ಟ ಬಳೆಯಂಥ ಅಂಚು, ಅದರೊಳಗೆ ನಾಲ್ಕು ತುಂಬಿದ ಎಸಳು.

"ಎಲ್ಲಿಗೆ ಹೊಲಿಯುತ್ತೀರಿ? ಕರವಸ್ತ್ರಕ್ಕಾ?"

"ತಲೆಗೆ," ಎಂದೆ. ಸಿಸಿಲಿಯಾ ಬಾಯಿ ತಮ್ಮ ಕೂದಲಿನ ಪಿನ್ನು ತೆಗೆದು ನನ್ನ ಕೈಗಿಟ್ಟರು. ಅದರಿಂದ ನೂಲಿನ ಹೂವನ್ನು ಮುಡಿಗೆ ಸಿಕ್ಕಿಸಿಕೊಂಡೆ.

ಹಿಂದಿರುಗುವಾಗ ಸಿದ್ಧಕಟ್ಟೆಯಲ್ಲಿ ಮಳೆ ಹನಿಯಿತು. ಬಸ್ಸಿನಲ್ಲಿ ಕೆಲವರು ತಿರುಗಿ ನೋಡಿದರು. ಮುಚ್ಚಲೆಂದು ಸೆರಗನ್ನು ತಲೆಯವರೆಗೆ ಎಳೆದೆ, ಮತ್ತೆ ಇಳಿಸಿದೆ.

ಅಂಗಳದಲ್ಲಿ ಸುಮತಿ. "ಅಯ್ಯೋ ಅತ್ತಿಗೆ, ಮುಡಿಯಲ್ಲೆಂಥದ್ದು ಅದು?"

"ನೂಲು. ನೂಲು ಮುಡಿಯಬಾರದು ಅಂತ ಯಾವ ಶಾಸ್ತ್ರದಲ್ಲುಂಟು, ಹೇಳು?"

ಅವಳು ಕೈ ಚಾಚಿ ಒಂದು ಎಸಳನ್ನು ಜಗ್ಗಿ ನೋಡಿದಳು. ಅದು ಉದುರಲಿಲ್ಲ.