ಹಿಲ್ಕಾಳ ಪಾಲಿಗೆ ಬಂದ ಚೂರಿ

ನಮ್ಮೂರಿನ ಬೇಟೆ ಸಂಘದಲ್ಲಿ ಎಲ್ಕ್ ಎನ್ನುವ ದೊಡ್ಡ ಕಡವೆಯ ಚರ್ಮ ಬಿಡಿಸುವವಳು ಹಿಲ್ಕಾ. ಇಡೀ ಫಿನ್ಲೆಂಡಿನಲ್ಲಿ ಹುಡುಕಿದರೂ ಇಷ್ಟು ಅಚ್ಚುಕಟ್ಟಾಗಿ ಆ ಕೆಲಸ ಮಾಡುವವರು ಸಿಗಲಿಕ್ಕಿಲ್ಲ. ಇಷ್ಟು ನಿಧಾನವಾಗಿ ಮಾಡುವವರೂ ಸಿಗಲಿಕ್ಕಿಲ್ಲ. ಸಂಘದ ಕೊಟ್ಟಿಗೆಯಲ್ಲಿ ಸಾರು ಕುದಿಸುವ ಲೆಂಪಿ ಎಂದರೆ ನಾನೇ. ಮಾಂಸಕ್ಕಾಗಿ ಪಾತ್ರೆ ಹಿಡಿದು ಅವಳ ಪಕ್ಕದಲ್ಲಿ ನಿಂತೂ ನಿಂತೂ ನನ್ನ ಮಂಡಿ ಸವೆದಿದೆ.

"ಏನೇ, ಕಡವೆಗೆ ಜೋಗುಳ ಹಾಡ್ತಿದ್ದೀಯಾ?" ಎಂದು ರೇಗುತ್ತೇನೆ.

"ಅದಕ್ಕೇನೂ ಅವಸರ ಇಲ್ಲ ಕಣೆ, ನಿಂಗೇ ಇರೋದು," ಎನ್ನುತ್ತಾಳೆ.

ಅವಳ ನಿಧಾನಕ್ಕೆ ಕಾರಣ ನನಗೆ ಗೊತ್ತು. ಹಿಲ್ಕಾ ಹುಟ್ಟಾ ಎಡಚಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಗಿನ ಮೇಷ್ಟ್ರು ಅವಳ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸುತ್ತಿದ್ದರು. ಅವಳಪ್ಪ ನೆಸ್ಟೊರಿ ಅದಕ್ಕೆ ಒಂದು ಮಾತೂ ಆಡಲಿಲ್ಲ. ಅವನು ಯಾವುದಕ್ಕೆ ತಾನೇ ಮಾತಾಡಿದ? ಹೆಂಡತಿ ಸತ್ತಾಗಲೂ "ಹೂಂ" ಎಂದು ಸುಮ್ಮನಾದ ಆಸಾಮಿ. ಹದಿನೈದನೇ ವಯಸ್ಸಿಗೆ ಹಿಲ್ಕಾ ತಾನೂ ಬೇಟೆಗೆ ಬರುತ್ತೇನೆಂದು ಸಂಘದ ಸಭೆಗೆ ಹೋಗಿ ಕೇಳಿದಳು. "ಹೆಣ್ಣು, ಸಾಲದ್ದಕ್ಕೆ ಎಡಚಿ! ನಮ್ ಕಡೆಗೇ ಬಂದೂಕು ತಿರುಗಿಸ್ತಾಳೆ" ಎಂದು ಗಂಡಸರೆಲ್ಲ ನಕ್ಕರು. ನೆಸ್ಟೊರಿ ಅಲ್ಲೂ ಬಾಯಿ ಹೊಲಿದುಕೊಂಡು ಕೂತಿದ್ದ.

ಅಪ್ಪನಿಗೆ ತನ್ನ ಕೈ ಕಂಡರೆ ನಾಚಿಕೆ ಎಂಬುದು ಅಂದೇ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಆಮೇಲೆ ಅವಳು ಎಲ್ಲಕ್ಕೂ ಬಲಗೈಯನ್ನೇ ಬಳಸಿದಳು. ಹಾಲಿನ ಡೈರಿಯಲ್ಲಿ ದುಡಿದದ್ದು, ಮಕ್ಕಳ ತಲೆ ಬಾಚಿದ್ದು ಎಲ್ಲಾ ಬಲಗೈಯಲ್ಲೇ. ಊರಲ್ಲಿ ಗಂಡಸರು ಕಡಿಮೆಯಾದ ಮೇಲೆ ಸಂಘದವರೇ ಅವಳ ಬಾಗಿಲಿಗೆ ಬಂದು ಕರೆದರು. ಆಗ ಕಡವೆಯ ಚರ್ಮವನ್ನೂ ಬಲಗೈಯಲ್ಲೇ ಬಿಡಿಸಲು ಕಲಿತಳು.

ಈ ವಸಂತದಲ್ಲಿ ನೆಸ್ಟೊರಿ ತೀರಿಕೊಂಡ. ಆಸ್ಪತ್ರೆಯ ಮಂಚದಲ್ಲಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟೇ: "ದೋಣಿ ರೌನೋಗೆ. ಚೂರಿ ಹಿಲ್ಕಾಗೆ. ಎರಡೂ ಸಮ." ದೋಣಿಯೆಂದರೆ ಇಂಜಿನ್ ಇರುವ ಹೊಸ ದೋಣಿ. ಚೂರಿಯೆಂದರೆ ಬೀರುವಿನ ತಳದಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿದ್ದ ಹಳೇ ಬೇಟೆ ಚೂರಿ. ತಮ್ಮ ರೌನೋ ಹಲ್ಲು ಕಿರಿದ: "ಬಿಡಕ್ಕ, ನಿಂಗೆ ಆಲೂಗಡ್ಡೆ ಹೆಚ್ಚೋಕಾಯ್ತು."

ಹಿಲ್ಕಾ ಅದನ್ನು ಬಿಚ್ಚಿಯೂ ನೋಡಲಿಲ್ಲ. ಬೇಟೆಯ ಕೊನೆಯ ದಿನ ಕೊಟ್ಟಿಗೆಗೆ ತಂದಳು. ಅಂದು ತೌನೋ ಬರುವವನಿದ್ದ. ಕುದುರೆ ಸಾಮಾನು, ಚೂರಿಯ ಒರೆ ಹೊಲಿದೇ ಮುದುಕನಾದವನು. ಹಳೇ ಚೂರಿ ಕೈಗೆ ಕೊಟ್ಟರೆ ಮಾಡಿದವರು ಯಾರು, ಬೆಲೆ ಎಷ್ಟು ಎಂದು ಹೇಳುತ್ತಾನೆ.

"ಅಪ್ಪನ ಕಣ್ಣಲ್ಲಿ ನಾನು ಎಷ್ಟರವಳು ಅಂತ ಇವತ್ತು ಗೊತ್ತಾಗ್ಲಿ ಲೆಂಪಿ," ಎಂದಳು ನನಗೆ. "ಒಂದೋ ಇದು ದೋಣಿಯಷ್ಟು ಬಾಳಬೇಕು. ಇಲ್ಲಾ, ಸಾಯೋವಾಗ್ಲೂ ನನ್ ಬಾಯಿ ಮುಚ್ಸೋಕೆ 'ಸಮ' ಅಂದಿದ್ದು."

ತೌನೋ ಮೊದಲು ಕಾಫಿ ಕುಡಿದ. ಆಮೇಲೆ ಕನ್ನಡಕ ಏರಿಸಿ ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದ. ಬುಡದಲ್ಲಿದ್ದ ಗಾಳದ ಆಕಾರದ ಮುದ್ರೆಯನ್ನು ಉಗುರಿನಿಂದ ಸವರಿದ.

"ಅಬ್ಬಬ್ಬಾ! ಯಾಲ್ಮಾರಿ ಕಮ್ಮಾರನ ಕೆಲಸ ಕಣಮ್ಮ ಇದು. ಯುದ್ಧಕ್ಕೆ ಮುಂಚಿನದು. ಸಾಣೆಗೇ ಕೊಟ್ಟಿಲ್ಲ, ಅಲಗು ಹಾಗೇ ತುಂಬಿಕೊಂಡಿದೆ. ಕೆಡದೇ ಇದ್ರೆ ಮೂರು ಸಾವಿರ ಯೂರೋ ಕಣ್ಮುಚ್ಚಿ ಕೊಡ್ತಾರೆ."

ಹಿಲ್ಕಾಳ ಮುಖ ಅರಳಿತು. ಬೇಟೆಗೆಂದು ಬಂದಿದ್ದ ರೌನೋ ಕಾಫಿ ಬಟ್ಟಲು ಕೆಳಗಿಟ್ಟ.

ತೌನೋ ಚೂರಿಯನ್ನು ತಿರುಗಿಸಿ ಹಿಡಿ ನೋಡಿದ. "ಥೂ! ಯಾವ ಕತ್ತೆ ಮಾಡಿದ ಕೆಲಸ ಇದು? ಯಾಲ್ಮಾರಿ ಹಿಡಿ ಅಂದ್ರೆ ಮೊಟ್ಟೆ ಥರ ದುಂಡಗಿರುತ್ತೆ. ಇದನ್ನ ಯಾರೋ ಒಂದೇ ಪಕ್ಕಕ್ಕೆ ಕೆತ್ತಿ ಹಾಳು ಮಾಡಿದಾರೆ. ಒರೆಯೂ ಬೇರೆಯದು. ಇನ್ನೂರೈವತ್ತು ಸಿಕ್ಕಿದ್ರೆ ಹೆಚ್ಚು."

"ನಾನು ಹೇಳ್ಲಿಲ್ವಾ, ಆಲೂಗಡ್ಡೆ ಅಂತ!" ಎಂದು ರೌನೋ ತೊಡೆ ತಟ್ಟಿಕೊಂಡು ನಕ್ಕ.

"ಸರಿ," ಎಂದಳು ಹಿಲ್ಕಾ. "ಇನ್ನೊಂದ್ ಲೋಟ ಕಾಫಿ ಹಾಕ್ಲಾ?" ನನಗಂತೂ ನೆಸ್ಟೊರಿಯ ಗೋರಿಗೆ ಹೋಗಿ ಒದ್ದು ಬರುವಷ್ಟು ಸಿಟ್ಟು ಬಂತು.

ತೌನೋ ಮಾತ್ರ ಚೂರಿ ಕೆಳಗಿಡಲಿಲ್ಲ. "ಕೆಡಿಸಿದವನು ಕೆಲಸ ಗೊತ್ತಿದ್ದವನೇ. ಎಷ್ಟು ನಯವಾಗಿ ಕೆತ್ತಿದಾನೆ! ಆದ್ರೆ ಕೈಗೆ ಕೂರ್ತಿಲ್ವಲ್ಲ..." ಎಂದು ಗೊಣಗುತ್ತಾ ಅತ್ತಿತ್ತ ಹಿಡಿದು ನೋಡಿದ. ಕೊನೆಗೆ ಎಡಗೈಗೆ ಬದಲಾಯಿಸಿದ; ಹಿಡಿ ಸರಿಯಾಗಿ ಕೂತಿತು. ಆಮೇಲೆ ಒರೆಯ ಹೊಲಿಗೆ ನೋಡಿದ. "ಇದೂ ಎಡಗೈಯಲ್ಲಿ ಎಳೆಯೋ ಹಾಗೆ ಎಡ ಸೊಂಟಕ್ಕೆ ಹೊಲಿದದ್ದು. ನಿಮ್ಮಪ್ಪ ಎಡಚನಾ?"

"ಅಲ್ಲ."

"ಅಜ್ಜ?"

ರೌನೋನ ನಗು ನಿಂತಿತ್ತು. ಅವನೇ ಹೇಳಿದ: "ನಮ್ಮನೇಲಿ ಎಡಚಿ ಅಂದ್ರೆ ಅಕ್ಕ ಒಬ್ಳೇ."

ಹಿಲ್ಕಾ ಅಲ್ಲೇ ಇದ್ದ ಕೊರಡಿನ ಮೇಲೆ ಕೂತಳು. "ಹಿಟ್ಟು," ಎಂದಳು. ನಮಗೆ ಅರ್ಥವಾಗಲಿಲ್ಲ. "ಆ ಸಭೆಗೆ ಮುಂಚಿನ ಬೇಸಿಗೇಲಿ ಅಮ್ಮ ರೊಟ್ಟಿಗೆ ಹಿಟ್ಟು ನಾದ್ತಿದ್ಳು. ಅಪ್ಪ ಬಂದು ಒಂದು ಮುದ್ದೆ ಕಿತ್ತು ನಂಗೆ ಕೊಟ್ಟು, 'ಆ ಕೈಲಿ ಹಿಡಿ, ಗಟ್ಟಿಯಾಗಿ' ಅಂದ. ಗೇಲಿ ಮಾಡ್ತಿದಾನೆ ಅನ್ಕೊಂಡೆ. ಹಿಸುಕಿ ಬಿಸಾಕಿ ಸೌನಾ ಬಚ್ಚಲಿಗೆ ಓಡಿಹೋಗಿ ಅತ್ತೆ. ಆ ಮುದ್ದೇನ ಅವನು ಒಲೆ ಮೇಲಿನ ಹಲಗೇಲಿ ಒಣಗಿಸಿ ಇಟ್ಟಿದ್ದ. ನನ್ನ ಹಂಗಿಸೋಕೆ ಇಟ್ಟಿದಾನೆ ಅಂತ ಆ ಕಡೆ ನೋಡ್ತಾನೇ ಇರ್ಲಿಲ್ಲ."

"ಅಳತೆ ತಗೊಂಡಿದಾನಮ್ಮ," ಎಂದ ತೌನೋ. "ಹಳಬರು ಹಾಗೇ ಮಾಡ್ತಿದ್ರು. ಹಿಟ್ಟಲ್ಲಿ ಮೂಡಿದ ಬೆರಳು ನೋಡ್ಕೊಂಡು ಹಿಡಿ ಕೆತ್ತೋದು. ಸಂಘಕ್ಕೆ ಸೇರಿಸ್ಕೊಂಡ ದಿನ ಸೊಂಟಕ್ಕೆ ಕಟ್ಟೋದು. ಅಲ್ಲೀವರೆಗೂ ಬಾಯಿ ಬಿಡ್ತಿರ್ಲಿಲ್ಲ."

ಸಂಘ ಆಗ ಅವಳನ್ನು ಸೇರಿಸಿಕೊಳ್ಳಲೇ ಇಲ್ಲ. ಚೂರಿ ಬೀರುವಿನ ತಳ ಸೇರಿತು. ಮೂರು ಸಾವಿರದ ಚೂರಿಯನ್ನು ಮಗಳ ಕೈಗೆಂದು ಕೆತ್ತುವ ಮನುಷ್ಯ, ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಆಡಬಾರದಿತ್ತೇ? ನನಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಸಂಘದವರು ಕರೆದಾಗಲಾದ್ರೂ ಕೊಡಬಹುದಿತ್ತು," ಎಂದೆ.

"ಅಷ್ಟೊತ್ತಿಗೆ ನಾನು ಬಲಗೈಯವಳಾಗಿದ್ನಲ್ಲ," ಎಂದಳು ಹಿಲ್ಕಾ. ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ.

ಅರ್ಧ ಚರ್ಮ ಬಿಡಿಸಿದ ಕಡವೆ ಕೊಕ್ಕೆಯಲ್ಲಿ ತೂಗುತ್ತಿತ್ತು. ಹಿಲ್ಕಾ ಎದ್ದು ತೌನೋನ ಕೈಯಿಂದ ಚೂರಿಯನ್ನು ಎಡಗೈಯಲ್ಲಿ ತೆಗೆದುಕೊಂಡಳು.

"ನೋಡಮ್ಮ, ರಕ್ತ ತಾಗಿದ್ರೆ ಆ ಇನ್ನೂರೈವತ್ತೂ ಸಿಗಲ್ಲ," ಎಂದ ತೌನೋ.

"ಸಿಗದಿದ್ರೆ ಬೇಡ."

ಮೊದಲು ಕೈ ತಡವರಿಸಿತು. ಒಂದೆರಡು ಕಡೆ ಚರ್ಮ ಹರಿದೇ ಹೋಯಿತು. ಅವಳ ಕೆಲಸದಲ್ಲಿ ಹಾಗಾದದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಅಲಗು ಚರ್ಮ, ಮಾಂಸದ ನಡುವೆ ದಾರಿ ಹಿಡಿಯಿತು. ನಾನು ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತೇ ಇದ್ದೆ, ರೇಗಲಿಲ್ಲ.

ರೌನೋ ಹತ್ತಿರ ಬಂದು ಬಹಳ ಹೊತ್ತು ನೋಡಿದ. "ಅಕ್ಕಾ," ಎಂದ ಕೊನೆಗೆ, "ದೋಣಿ ನೀನು ತಗೋ. ಚೂರಿ ನಂಗೆ ಕೊಡ್ತೀಯಾ?"

ಹಿಲ್ಕಾ ಕೆಲಸದಿಂದ ತಲೆ ಎತ್ತಲಿಲ್ಲ. "ನಿನ್ ಕೈಗೆ ಕೂರಲ್ಲ ಕಣೋ," ಎಂದಳು.